ಬೇಲಿಯೊಳಗಿನ ಮೊಬೈಲ್: ಉತ್ತರ ಕೊರಿಯಾದಲ್ಲಿ ಫೋನ್ ಕೊಳ್ಳುವವರು ಯಾರು, ದುಡ್ಡು ಮಾಡುವವರು ಯಾರು?

ಓದುಗರ ಪ್ರಶ್ನೆ: ಉತ್ತರ ಕೊರಿಯಾದಲ್ಲಿ 60 ಲಕ್ಷಕ್ಕೂ ಜಾಸ್ತಿ ಮೊಬೈಲ್ ಇವೆ ಅಂತ ಓದಿದೆ. ನಂಬೋಕೇ ಆಗಲಿಲ್ಲ. ಇಂಟರ್‌ನೆಟ್ ಇಲ್ಲ, ಹೊರದೇಶಕ್ಕೆ ಕರೆ ಮಾಡುವ ಹಾಗಿಲ್ಲ, ಜನರ ಕೈಯಲ್ಲಿ ದುಡ್ಡೂ ಇಲ್ಲ ಅಂತಾರೆ. ಹಾಗಿದ್ದರೆ ಫೋನ್ ಕೊಳ್ಳುವವರು ಯಾರು? ಅಷ್ಟು ಭಯ ಇರುವ ಸರ್ಕಾರ ಇದನ್ನು ಬಿಟ್ಟಿದ್ದಾದರೂ ಯಾಕೆ? ಅಲ್ಲಿ ದುಡ್ಡು ಹಾಕಿದ ವಿದೇಶಿ ಕಂಪನಿಗೆ ಲಾಭ ಬಂತಾ? ಕೊನೆಗೊಂದು, ಪ್ರವಾಸಕ್ಕೆ ಹೋದರೆ ನಮ್ಮ ಸಿಮ್ ಅಲ್ಲಿ ನಡೆಯುತ್ತಾ?

ಉತ್ತರ: ನೀವು ಓದಿದ ಸಂಖ್ಯೆ ತೀರಾ ತಪ್ಪೇನಲ್ಲ. ಈಗಿನ ಅಂದಾಜು 60ರಿಂದ 70 ಲಕ್ಷ ಸಂಪರ್ಕ. ಜನಸಂಖ್ಯೆ ಸುಮಾರು 2.6 ಕೋಟಿ. ಆದರೆ ಸಂಪರ್ಕ ಅಂದರೆ ಮನುಷ್ಯರಲ್ಲ. ಒಬ್ಬರೇ ಎರಡು ಫೋನ್ ಇಟ್ಟುಕೊಳ್ಳೋದು ಅಲ್ಲಿ ಮಾಮೂಲು. ಅದಕ್ಕೊಂದು ಸ್ವಾರಸ್ಯದ ಕಾರಣ ಇದೆ, ಮುಂದೆ ಹೇಳ್ತೀನಿ.

ಉತ್ತರ ಕೊರಿಯಾಕ್ಕೆ ಮೊಬೈಲ್ ಬಂದದ್ದು 2008ರಲ್ಲಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದಕ್ಕೂ ಮುಂಚೆ ಒಂದು ಸಲ ಬಂದು ಹೋಗಿತ್ತು. 2002ರ ನವೆಂಬರ್‌ನಲ್ಲಿ ಥಾಯ್ಲೆಂಡ್‌ನ ಲಾಕ್ಸ್‌ಲಿ ಬಳಗದ ಕಂಪನಿಯೊಂದು ರಾಜಧಾನಿ ಪ್ಯಾಂಗ್ಯಾಂಗ್‌ನಲ್ಲೂ ಈಶಾನ್ಯದ ರಾಸನ್ ವಲಯದಲ್ಲೂ ಸನ್‌ನೆಟ್ ಹೆಸರಿನ ಮೊಬೈಲ್ ಸೇವೆ ಶುರು ಮಾಡಿತು. ಫೋನ್ ಸಿಕ್ಕಿದ್ದು ಅಧಿಕಾರಿಗಳಿಗೆ ಮತ್ತು ಅನುಕೂಲಸ್ಥರಿಗೆ, ಅಷ್ಟೇ. 2004ರ ಏಪ್ರಿಲ್ 22ರಂದು ಚೀನಾ ಗಡಿಗೆ ಹತ್ತಿರದ ರ್‍ಯೊಂಗ್‌ಚಾನ್ ರೈಲು ನಿಲ್ದಾಣದಲ್ಲಿ ಭಾರಿ ಸ್ಫೋಟ ಆಯಿತು. ಅದಕ್ಕೆ ಕೆಲವೇ ಗಂಟೆ ಮುಂಚೆ ದೇಶದ ಆಗಿನ ಸರ್ವಾಧಿಕಾರಿ ಕಿಮ್ ಜೊಂಗ್ ಇಲ್ ಅವರ ವಿಶೇಷ ರೈಲು ಚೀನಾದಿಂದ ವಾಪಸ್ ಬರುತ್ತಾ ಅದೇ ನಿಲ್ದಾಣ ದಾಟಿತ್ತು. ಸ್ಫೋಟಕ್ಕೆ ಮೊಬೈಲ್ ಬಳಸಿದ್ದರು ಅನ್ನುವ ಗುಸುಗುಸು ಹಬ್ಬಿತು. ಸಾಬೀತಾಗಲೇ ಇಲ್ಲ. ಆದರೆ ಮುಂದಿನ ತಿಂಗಳೇ ಮೊಬೈಲ್ ನಿಷೇಧ ಆಯಿತು, ಹ್ಯಾಂಡ್‌ಸೆಟ್‌ಗಳನ್ನು ವಾಪಸ್ ಕಿತ್ತುಕೊಂಡರು.

ನಾಲ್ಕು ವರ್ಷ ಬಿಟ್ಟು ಅದೇ ಸರ್ಕಾರ ಮತ್ತೆ ಬಾಗಿಲು ತೆರೆಯಿತು. ಈ ನಡುವೆ ಅದೇನೂ ಸಡಿಲವಾಗಿರಲಿಲ್ಲ. ಮೊಬೈಲನ್ನು ಬೇಲಿಯೊಳಗೆ ಕಟ್ಟಿ ಹಾಕಬಹುದು, ಹಾಗೆ ಕಟ್ಟಿ ಹಾಕಿದ ಮೊಬೈಲ್ ಹಾಲನ್ನೂ ಕೊಡುತ್ತೆ ಅನ್ನೋದು ಅದಕ್ಕೆ ಗೊತ್ತಾಗಿತ್ತು. ನಿಮ್ಮ ಮೂರೂ ಪ್ರಶ್ನೆಗಳ ಬೇರು ಇಲ್ಲೇ ಇದೆ.

2008ರ ಜನವರಿಯಲ್ಲಿ ಈಜಿಪ್ಟ್‌ನ ಒರಾಸ್ಕಾಮ್ ಟೆಲಿಕಾಂಗೆ ಲೈಸೆನ್ಸ್ ಸಿಕ್ಕಿತು. ಅದರ ಯಜಮಾನರು ನಗೀಬ್ ಸವಾರಿಸ್. ಬೇರೆಯವರು ಕಾಲಿಡಲು ಹೆದರುವ ದೇಶಗಳಲ್ಲಿ ಟವರ್ ಹಾಕಿ ದುಡ್ಡು ಮಾಡಿದ ಮನುಷ್ಯ. ಚಿಯೊ ಟೆಕ್ನಾಲಜಿ ಅನ್ನುವ ಜಂಟಿ ಕಂಪನಿ ಆಯಿತು. ಅದರಲ್ಲಿ ಒರಾಸ್ಕಾಮ್ ಪಾಲು ಶೇ. 75, ಸರ್ಕಾರಿ ಅಂಚೆ ಮತ್ತು ದೂರಸಂಪರ್ಕ ನಿಗಮದ ಪಾಲು ಶೇ. 25. ಲೈಸೆನ್ಸ್ 25 ವರ್ಷಕ್ಕೆ. ಮೊದಲ ನಾಲ್ಕು ವರ್ಷ ಬೇರೆ ಯಾರಿಗೂ ಅವಕಾಶ ಕೊಡೋದಿಲ್ಲ ಅನ್ನುವ ಮಾತು. 2008ರ ಡಿಸೆಂಬರ್ 15ರಂದು ಕೊರಿಯೊಲಿಂಕ್ ಹೆಸರಲ್ಲಿ ಸೇವೆ ಶುರುವಾಯಿತು.

ಅದೂ 3ಜಿ! ನಮ್ಮ ದೇಶದಲ್ಲಿ ಸರ್ಕಾರಿ ಕಂಪನಿ ಎಂಟಿಎನ್‌ಎಲ್ ದೆಹಲಿಯಲ್ಲಿ 3ಜಿ ಆರಂಭಿಸಿದ್ದೂ ಅದೇ ತಿಂಗಳು. ನಮ್ಮ ಖಾಸಗಿ ಕಂಪನಿಗಳಿಗೆ 3ಜಿ ತರಂಗಾಂತರ ಸಿಕ್ಕಿದ್ದು 2010ರ ಹರಾಜಿನ ನಂತರ. ಅಂದರೆ ಬೆಂಗಳೂರಿನಲ್ಲಿ ನಾವಿನ್ನೂ 2ಜಿಯಲ್ಲಿ ಕಾಲ ಹಾಕುತ್ತಿದ್ದಾಗ ಪ್ಯಾಂಗ್ಯಾಂಗ್‌ನಲ್ಲಿ 3ಜಿ ಟವರ್ ಎದ್ದಿದ್ದವು. ಆದರೆ ಆ 3ಜಿಯಲ್ಲಿ ಇಂಟರ್‌ನೆಟ್ ಮಾತ್ರ ಇರಲಿಲ್ಲ.

2009ರ ಕೊನೆಗೆ ಚಂದಾದಾರರು ಸುಮಾರು 92 ಸಾವಿರ. ಒಂದೇ ವರ್ಷದಲ್ಲಿ ಅದು 4.3 ಲಕ್ಷ ದಾಟಿತು. 2012ರ ಫೆಬ್ರವರಿಯಲ್ಲಿ 10 ಲಕ್ಷ, 2013ರ ಮೇ ತಿಂಗಳಲ್ಲಿ 20 ಲಕ್ಷ. ಸಿಗ್ನಲ್ ದೇಶದ ನೆಲದ ಶೇ. 14ರಷ್ಟನ್ನು ಮಾತ್ರ ಮುಟ್ಟುತ್ತೆ, ಆದರೆ ಜನಸಂಖ್ಯೆಯ ಶೇ. 94ರಷ್ಟನ್ನು ಮುಟ್ಟುತ್ತೆ ಅಂತ ಒರಾಸ್ಕಾಮ್ ಹೇಳಿಕೊಂಡಿತ್ತು. ಬೆಟ್ಟಗುಡ್ಡಗಳ ದೇಶ ಅದು, ಜನ ಕಣಿವೆಗಳಲ್ಲಿ ಗುಂಪುಗುಂಪಾಗಿ ಇರ್ತಾರೆ. ಹಾಗಾಗಿ ಈ ಲೆಕ್ಕ ಹೊಂದುತ್ತೆ.

ಈಗ ಯಾರು ಕೊಳ್ತಾರೆ ಅನ್ನೋದಕ್ಕೆ ಬರೋಣ. ಮೊದಲು ಅಧಿಕಾರಿಗಳು, ಸರಿ. ಆದರೆ ಅಧಿಕಾರಿಗಳಿಂದಲೇ 20 ಲಕ್ಷ ಆಗೋದಿಲ್ಲ. ನಿಜವಾದ ಗಿರಾಕಿಗಳು ಸಂತೆಯವರು. 1990ರ ದಶಕದ ಮಧ್ಯದಲ್ಲಿ ಅಲ್ಲಿ ಘೋರ ಬರಗಾಲ ಬಂತು, ಸರ್ಕಾರಿ ರೇಷನ್ ವ್ಯವಸ್ಥೆ ಕುಸಿಯಿತು. ಹೊಟ್ಟೆಪಾಡಿಗೆ ಜನ ಬೀದಿಯಲ್ಲಿ ಕೂತು ಮಾರೋಕೆ ಶುರು ಮಾಡಿದರು. ಅದಕ್ಕೆ ಅಲ್ಲಿ ಜಾಂಗ್‌ಮಾದಾಂಗ್ ಅಂತಾರೆ, ಸಂತೆ ಮೈದಾನ ಅಂದುಕೊಳ್ಳಿ. ವ್ಯಾಪಾರ ಮಾಡುವವರಲ್ಲಿ ಹೆಂಗಸರೇ ಜಾಸ್ತಿ, ಯಾಕೆಂದರೆ ಗಂಡಸರು ಸಂಬಳ ಬರಲಿ ಬಿಡಲಿ ಸರ್ಕಾರಿ ಕಾರ್ಖಾನೆಗೆ ಹಾಜರಿ ಹಾಕಲೇಬೇಕು.

ಒಬ್ಬ ವ್ಯಾಪಾರಿ ಹೆಂಗಸನ್ನು ಕಲ್ಪಿಸಿಕೊಳ್ಳಿ. ಪೂರ್ವ ಕರಾವಳಿಯ ಚೊಂಗ್‌ಜಿನ್‌ನಲ್ಲಿ ಒಣಮೀನಿನ ವ್ಯಾಪಾರ. ಸರಕು ಹೋಗಬೇಕಾದ್ದು ಪ್ಯಾಂಗ್ಯಾಂಗ್ ಪಕ್ಕದ ಪ್ಯೊಂಗ್‌ಸೊಂಗ್‌ಗೆ, ಅದು ದೊಡ್ಡ ಸಗಟು ಊರು. ಫೋನ್ ಇಲ್ಲದಾಗ ಮೂಟೆ ಜೊತೆ ಅವಳೂ ಹೋಗಬೇಕಿತ್ತು. ಪ್ರಯಾಣಕ್ಕೆ ಪರವಾನಗಿ ಬೇಕು. ಕರೆಂಟ್ ಹೋದರೆ ರೈಲು ಅಲ್ಲಲ್ಲೇ ನಿಲ್ಲುತ್ತೆ, ಹೋಗಿ ಬರೋಕೆ ಎಷ್ಟು ದಿನ ಅನ್ನೋದು ಗೊತ್ತಿಲ್ಲ. ಅಷ್ಟೆಲ್ಲ ಪಾಡುಪಟ್ಟು ಹೋದರೆ ಅಲ್ಲಿ ಮೀನಿನ ದರ ಬಿದ್ದಿರುತ್ತೆ. ಫೋನ್ ಬಂದ ಮೇಲೆ ಅವಳು ಮೊದಲು ದರ ಕೇಳ್ತಾಳೆ. ದರ ಒಪ್ಪಿಗೆಯಾದರೆ ಮೂಟೆಯನ್ನು ಬಾಡಿಗೆ ಓಡಿಸುವ ಲಾರಿಗೋ ಬಸ್ಸಿಗೋ ಹಾಕ್ತಾಳೆ. ಅಂಥ ಗಾಡಿಗೆ ಅಲ್ಲಿ ‘ಸೊಬಿಚಾ’ ಅಂತಾರೆ. ‘ಸರ್ವಿಸ್’ ಅನ್ನುವ ಇಂಗ್ಲಿಷ್ ಪದಕ್ಕೆ ಕೊರಿಯನ್ನಿನ ‘ಚಾ’, ಅಂದರೆ ಗಾಡಿ, ಸೇರಿಸಿ ಮಾಡಿಕೊಂಡ ಮಾತು. ನಮ್ಮ ಹಳ್ಳಿ ರಸ್ತೆಯ ಸರ್ವೀಸ್ ಗಾಡಿ ಇದ್ದ ಹಾಗೇ, ಅಲ್ವಾ? ಗಾಡಿ ನಂಬರ್ ಆ ಕಡೆಯವರಿಗೆ ಫೋನಲ್ಲಿ ಹೇಳಿದರೆ ಮುಗೀತು. ಓಡಾಡಿ ಮಾಡುವ ವ್ಯಾಪಾರ ಹೋಗಿ ಕೂತಲ್ಲೇ ಮಾಡುವ ವ್ಯಾಪಾರ ಬಂತು.

ದುಡ್ಡಿಗೂ ಫೋನೇ ದಾರಿ ಮಾಡಿಕೊಟ್ಟಿತು. ಬ್ಯಾಂಕನ್ನು ಅಲ್ಲಿ ಯಾರೂ ನಂಬೋದಿಲ್ಲ. ಆದರೆ ಒಂದು ಫೋನಿನ ಟಾಕ್‌ಟೈಮ್ ಇನ್ನೊಂದಕ್ಕೆ ಕಳಿಸಬಹುದು. ಜನ ಅದನ್ನೇ ಸಣ್ಣಪುಟ್ಟ ಹಣ ಪಾವತಿಗೆ ಬಳಸೋಕೆ ಶುರು ಮಾಡಿದರು. ಅದಕ್ಕೆ ಹೆಸರೂ ಇದೆ, ‘ಜೊನ್ಹ್ವಾದೊನ್’. ಜೊನ್ಹ್ವಾ ಅಂದರೆ ದೂರವಾಣಿ, ದೊನ್ ಅಂದರೆ ದುಡ್ಡು. ಇದನ್ನು ಯಾವ ಮಂತ್ರಾಲಯವೂ ಯೋಜನೆ ಹಾಕಿ ಕೊಟ್ಟಿದ್ದಲ್ಲ.

ಈಗ ಎರಡು ಫೋನಿನ ಗುಟ್ಟು. ಕೊರಿಯೊಲಿಂಕ್‌ನ ಮೂಲ ಯೋಜನೆಯಲ್ಲಿ ತಿಂಗಳಿಗೆ 200 ನಿಮಿಷ ಮಾತು ಸಿಗುತ್ತಿತ್ತು. ಅದರ ಶುಲ್ಕ ಅಲ್ಲಿನ ಹಣವಾದ ವಾನ್‌ನಲ್ಲಿ. ಸಂತೆಯ ವಿನಿಮಯ ದರದಲ್ಲಿ ನೋಡಿದರೆ ಅದು ಚಿಲ್ಲರೆ ಕಾಸು. ಆದರೆ 200 ನಿಮಿಷ ಮುಗಿದರೆ ಆಮೇಲಿನ ರೀಚಾರ್ಜ್‌ಗೆ ವಿದೇಶಿ ಹಣ ಬೇಕು, ಅದೂ ದುಬಾರಿ. ದಿನವಿಡೀ ದರ ಕೇಳುವ ವ್ಯಾಪಾರಿಗೆ 200 ನಿಮಿಷ ಯಾವ ಮೂಲೆಗೆ ಸಾಕು? ಅದಕ್ಕೆ ಜನ ಇನ್ನೊಬ್ಬರ ಹೆಸರಲ್ಲಿ ಎರಡನೇ ಫೋನ್ ಕೊಂಡರು. ಮತ್ತೆ 200 ನಿಮಿಷ ಸಿಕ್ಕಿತು. ಹೊರಗೆ ಕೂತು ನೋಡಿದವರಿಗೆ ‘ಚಂದಾದಾರರು ಹೆಚ್ಚಾದರು’ ಅಂತ ಕಾಣಿಸಿತು. ಟೆಲಿಕಾಂ ಅಂಕಿಅಂಶ ಓದುವಾಗ ನನಗೆ ಯಾವಾಗಲೂ ಮೊದಲು ಬರುವ ಅನುಮಾನ ಇದೇ: ಈ ಸಿಮ್‌ಗಳ ಹಿಂದೆ ಎಷ್ಟು ತಲೆ ಇವೆ? ನಮ್ಮಲ್ಲೂ ಡ್ಯುಯಲ್ ಸಿಮ್ ಕಾಲದಲ್ಲಿ ಇದೇ ಆಟ ನಡೆದಿತ್ತು.

ಸರ್ಕಾರ ಯಾಕೆ ಬಿಟ್ಟಿತು ಅನ್ನೋದಕ್ಕೆ ಉತ್ತರ ಆ ‘ವಿದೇಶಿ ಹಣ’ದಲ್ಲೇ ಇದೆ. 2009ರ ನವೆಂಬರ್ 30ರಂದು ಅಲ್ಲಿ ದಿಢೀರ್ ನೋಟು ಬದಲಾವಣೆ ಆಯಿತು. ಹಳೆಯ 100 ವಾನ್‌ಗೆ ಹೊಸದು 1. ಎಷ್ಟು ಬದಲಾಯಿಸಬಹುದು ಅನ್ನೋದಕ್ಕೂ ಮಿತಿ. ವ್ಯಾಪಾರಿಗಳು ಕೂಡಿಟ್ಟ ಗಂಟು ರಾತ್ರೋರಾತ್ರಿ ಕಾಗದ ಆಯಿತು. ಆಮೇಲೆ ಯಾರೂ ವಾನ್ ನಂಬಲಿಲ್ಲ. ಡಾಲರ್, ಚೀನಾದ ಯುವಾನ್, ಯೂರೋ ಎಲ್ಲ ಮನೆ ಮೂಲೆಗಳಲ್ಲಿ ಸೇರಿಕೊಂಡವು. ಆ ಹಣವನ್ನು ಹೊರಗೆ ತೆಗೆಸೋದು ಹೇಗೆ? ಹೆದರಿಸಿದರೆ ಇನ್ನೂ ಆಳಕ್ಕೆ ಹೂಳ್ತಾರೆ. ಆಸೆ ತೋರಿಸಿದರೆ ತಾವೇ ತಂದು ಕೊಡ್ತಾರೆ. ಚೀನಾದಲ್ಲಿ ಮಾಡಿಸಿ ತಂದ ಹ್ಯಾಂಡ್‌ಸೆಟ್‌ಗೆ ಅರಿರಾಂಗ್, ಪ್ಯಾಂಗ್ಯಾಂಗ್ ಅಂತ ಸ್ವದೇಶಿ ಹೆಸರು ಅಂಟಿಸಿ ನೂರಾರು ಡಾಲರ್‌ಗೆ ಮಾರಿದರು. ಮಾತು ಅಗ್ಗ, ಫೋನ್ ದುಬಾರಿ. ಬೇರೆ ದೇಶಗಳಲ್ಲಿ ಕಂಪನಿಗಳು ಹ್ಯಾಂಡ್‌ಸೆಟ್ ಅಗ್ಗವಾಗಿ ಕೊಟ್ಟು ಮಾತಿನಲ್ಲಿ ಗಳಿಸ್ತಾವೆ. ಇಲ್ಲಿ ತಿರುಗುಮುರುಗು, ಯಾಕೆಂದರೆ ಸರ್ಕಾರಕ್ಕೆ ಬೇಕಾಗಿದ್ದು ಒಂದೇ ಏಟಿಗೆ ಕೈಗೆ ಬರುವ ಡಾಲರ್.

ಒರಾಸ್ಕಾಮ್‌ಗೆ ಏನು ಸಿಕ್ಕಿತು? ಕಾಗದದ ಮೇಲೆ ನೋಡಿದರೆ ಹಬ್ಬ. ಆರಂಭದ ವರ್ಷಗಳಲ್ಲಿ ಕೊರಿಯೊಲಿಂಕ್‌ನ ಕಾರ್ಯಾಚರಣೆ ಲಾಭ ಆದಾಯದ ಶೇ. 80 ದಾಟಿತ್ತು. ಈ ವ್ಯವಹಾರದಲ್ಲಿ ಶೇ. 40 ಬಂದರೆ ಸಿಹಿ ಹಂಚ್ತಾರೆ. ಸವಾರಿಸ್ ಅವರನ್ನು 2011ರ ಜನವರಿಯಲ್ಲಿ ಕಿಮ್ ಜೊಂಗ್ ಇಲ್ ಖುದ್ದು ಭೇಟಿ ಮಾಡಿದರು. 1992ರಿಂದ ಕಾಂಕ್ರೀಟ್ ಅಸ್ಥಿಪಂಜರವಾಗಿ ನಿಂತಿದ್ದ 105 ಅಂತಸ್ತಿನ ರ್‍ಯುಗ್ಯೊಂಗ್ ಹೋಟೆಲ್‌ಗೆ ಗಾಜು ಹೊದಿಸಿದ್ದೂ ಒರಾಸ್ಕಾಮ್ ಬಳಗವೇ. ಹೊರಗೆ ಗಾಜು ಬಂತು, ಹೋಟೆಲ್ ಮಾತ್ರ ತೆರೆಯಲಿಲ್ಲ.

ಲಾಭವೆಲ್ಲ ಇದ್ದದ್ದು ವಾನ್‌ನಲ್ಲಿ. ಅದನ್ನು ಡಾಲರ್ ಮಾಡಿ ಕೈರೋಗೆ ಕಳಿಸಬೇಕಾದರೆ ಸರ್ಕಾರ ಒಪ್ಪಬೇಕು. ಆಗ ಅಧಿಕೃತ ದರ ಒಂದು ಡಾಲರ್‌ಗೆ ಸುಮಾರು 100 ವಾನ್ ಇತ್ತು. ಸಂತೆಯಲ್ಲಿ ನಡೆಯುತ್ತಿದ್ದ ದರ ಸುಮಾರು 8,000. ಕಂಪನಿಯ ಲೆಕ್ಕಪುಸ್ತಕದಲ್ಲಿ ಅಧಿಕೃತ ದರ ಹಾಕಿ 50 ಕೋಟಿ ಡಾಲರ್‌ಗೂ ಜಾಸ್ತಿ ನಗದು ತೋರಿಸುತ್ತಿದ್ದರು. ಅದೇ ವಾನ್ ರಾಶಿಯನ್ನು ಸಂತೆ ದರದಲ್ಲಿ ಎಣಿಸಿ ನೋಡಿ, 1 ಕೋಟಿ ಡಾಲರ್ ಕೂಡ ಆಗೋದಿಲ್ಲ. ಸರ್ಕಾರ ಅಧಿಕೃತ ದರಕ್ಕೆ ಡಾಲರ್ ಕೊಡಲಿಲ್ಲ. ಸಂತೆ ದರ ಒಪ್ಪಿಕೊಂಡರೆ ಕಂಪನಿಯೇ ಮುಳುಗುತ್ತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತೀವಲ್ಲ, ಇಲ್ಲಿ ತುತ್ತು ಎಷ್ಟು ದೊಡ್ಡದು ಅನ್ನೋದೇ ಜಗಳ.

ಅಷ್ಟರಲ್ಲಿ ನಾಲ್ಕು ವರ್ಷದ ಏಕಸ್ವಾಮ್ಯದ ಅವಧಿ ಮುಗಿದಿತ್ತು. ಸರ್ಕಾರ ತನ್ನದೇ ಇನ್ನೊಂದು ಮೊಬೈಲ್ ಕಂಪನಿ ಕಟ್ಟಿತು. ಹೆಸರು ಬ್ಯೊಲ್, ಅಂದರೆ ನಕ್ಷತ್ರ. ಟವರ್ ಹಾಕೋದು, ಬಿಲ್ ಮಾಡೋದು, ನೆಟ್‌ವರ್ಕ್ ನಡೆಸೋದು ಎಲ್ಲ ಅಷ್ಟು ಹೊತ್ತಿಗೆ ಅಲ್ಲಿನ ಎಂಜಿನಿಯರ್‌ಗಳಿಗೆ ಕೈಹತ್ತಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? 2015ರಲ್ಲಿ ಒರಾಸ್ಕಾಮ್ ತಾನಾಗೇ ಒಪ್ಪಿಕೊಂಡಿತು: ಶೇ. 75 ಪಾಲು ನಮ್ಮದೇ, ಆದರೆ ಕೊರಿಯೊಲಿಂಕ್ ಮೇಲೆ ಹಿಡಿತ ಇಲ್ಲ. ತನ್ನ ಲೆಕ್ಕಪತ್ರದಲ್ಲಿ ಅದನ್ನು ಅಂಗಸಂಸ್ಥೆಗಳ ಪಟ್ಟಿಯಿಂದ ಹೊರಗಿಟ್ಟಿತು. ಮುಂದೆ ವಿಶ್ವಸಂಸ್ಥೆಯ ನಿರ್ಬಂಧಗಳು ಬಿಗಿಯಾದವು, ದುಡ್ಡು ಹೊರತೆಗೆಯುವ ದಾರಿ ಇನ್ನೂ ಕಿರಿದಾಯಿತು. ಸವಾರಿಸ್ ಮೋಸಹೋದರು ಅಂತ ಕೆಲವರು ಬರೀತಾರೆ. ನನಗೆ ಹಾಗನ್ನಿಸೋದಿಲ್ಲ. ಹಣ ಹೊರಗೆ ಬರುವ ಬಾಗಿಲಿನ ಕೀಲಿ ಯಾರ ಹತ್ತಿರ ಇದೆ ಅನ್ನೋದು ಮೊದಲ ದಿನವೇ ಕಣ್ಣಿಗೆ ಕಾಣುತ್ತಿತ್ತು.

ಇನ್ನು ಬೇಲಿಯ ವಿಷಯ. ನನ್ನ ಕೆಲಸಕ್ಕೆ ಹತ್ತಿರವಾದ್ದು, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ಒಂದೇ ಟವರ್, ಆದರೆ ಒಳಗೆ ಬೇರೆ ಬೇರೆ ಲೋಕ. ಸ್ಥಳೀಯರ ಸಿಮ್‌ನಿಂದ ಸ್ಥಳೀಯರಿಗೆ ಮಾತ್ರ ಕರೆ ಹೋಗುತ್ತೆ. ಇಂಟರ್‌ನೆಟ್ ಇಲ್ಲ, ದೇಶದೊಳಗಿನ ಜಾಲದ ಕೆಲವು ಪುಟಗಳು ಮಾತ್ರ. ವಿದೇಶಿಯರ ಸಿಮ್‌ನಿಂದ ಹೊರದೇಶಕ್ಕೆ ಕರೆ ಹೋಗುತ್ತೆ, ಆದರೆ ಪಕ್ಕದ ಬೀದಿಯ ಸ್ಥಳೀಯರಿಗೆ ಹೋಗೋದಿಲ್ಲ. ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಪ್ರತಿ ನೆಟ್‌ವರ್ಕಿನಲ್ಲೂ ಯಾವ ನಂಬರ್‌ಗೆ ಯಾವ ಸೌಲಭ್ಯ ಅಂತ ಬರೆದಿಡುವ ಒಂದು ದೊಡ್ಡ ದಾಖಲೆಪಟ್ಟಿ ಇರುತ್ತೆ. ನಮ್ಮಲ್ಲಿ ಬಿಲ್ ಕಟ್ಟದಿದ್ದರೆ ಹೊರಹೋಗುವ ಕರೆ ನಿಲ್ಲಿಸ್ತಾರಲ್ಲ, ಅದೇ ಪಟ್ಟಿ. ಅಲ್ಲಿ ಅದನ್ನೇ ಇಡೀ ಸಮಾಜವನ್ನು ಭಾಗ ಮಾಡೋಕೆ ಬಳಸಿದರು. ಗಣ್ಯರಿಗೆ ಬೇರೆಯದೇ ಎನ್‌ಕ್ರಿಪ್ಶನ್ (ಮಾತನ್ನು ಬೇರೆಯವರಿಗೆ ಅರ್ಥವಾಗದಂತೆ ಸಂಕೇತವಾಗಿಸುವ ವ್ಯವಸ್ಥೆ) ಇರಬೇಕು, ಉಳಿದವರ ಕರೆ ಕದ್ದು ಕೇಳುವ ಹಾಗಿರಬೇಕು ಅನ್ನುವ ಚರ್ಚೆ ನೆಟ್‌ವರ್ಕ್ ಕಟ್ಟುವ ಹಂತದಲ್ಲೇ ನಡೆದಿತ್ತು ಅನ್ನೋದು 2019ರಲ್ಲಿ ಹೊರಬಂದ ದಾಖಲೆಗಳಿಂದ ತಿಳಿಯಿತು. ಕರೆ ಕೇಳುವ ಸವಲತ್ತು ಎಲ್ಲ ದೇಶದ ನೆಟ್‌ವರ್ಕ್‌ನಲ್ಲೂ ಇದೆ, ನಮ್ಮಲ್ಲೂ ಇದೆ. ಯಾರ ಅನುಮತಿ ಬೇಕು, ಆಮೇಲೆ ಯಾರು ಪ್ರಶ್ನೆ ಕೇಳಬಹುದು ಅನ್ನೋದರಲ್ಲಿ ವ್ಯತ್ಯಾಸ.

ಎರಡನೇ ಬೇಲಿ ಹ್ಯಾಂಡ್‌ಸೆಟ್ ಒಳಗೇ ಇದೆ. ಆಂಡ್ರಾಯ್ಡ್ ಅನ್ನೇ ತಿದ್ದಿ ಮಾಡಿದ್ದು. ಪ್ರತಿ ಫೈಲಿಗೂ ಒಂದು ಡಿಜಿಟಲ್ ಸಹಿ ಬೇಕು. ಒಂದೋ ಸರ್ಕಾರದ್ದು, ಇಲ್ಲಾ ಅದೇ ಫೋನಿನದ್ದು. ನೀವೇ ತೆಗೆದ ಫೋಟೋ ನಿಮ್ಮ ಫೋನಲ್ಲಿ ತೆರೆಯುತ್ತೆ. ಗೆಳೆಯ ಕೊಟ್ಟ ದಕ್ಷಿಣ ಕೊರಿಯಾದ ಧಾರಾವಾಹಿ ತೆರೆಯೋದೇ ಇಲ್ಲ. ಇದನ್ನು ನಾವು ತಿಳಿದದ್ದು ಜರ್ಮನಿಯ ಸಂಶೋಧಕರಿಂದ. ಉಲ್ಲಿಮ್ ಅನ್ನುವ ಅಲ್ಲಿನ ಟ್ಯಾಬ್ಲೆಟ್ ಒಂದು ಅವರಿಗೆ ಸಿಕ್ಕಿತ್ತು. ಅದನ್ನು ಬಿಚ್ಚಿ ನೋಡಿ 2016ರ ಡಿಸೆಂಬರ್‌ನಲ್ಲಿ ವಿವರ ಹೇಳಿದರು. ಅದರಲ್ಲಿ ‘ಟ್ರೇಸ್ ವ್ಯೂವರ್’ ಅಂತ ಒಂದು ಆ್ಯಪ್. ನೀವು ಯಾವ ಆ್ಯಪ್ ತೆರೆದರೂ ಅದು ತೆರೆಯ ಚಿತ್ರ ತೆಗೆದು ಇಡುತ್ತೆ. ಆ ಚಿತ್ರಗಳನ್ನು ನೀವು ನೋಡಬಹುದು, ಅಳಿಸೋಕೆ ಆಗೋದಿಲ್ಲ. ನೋಡೋಕೆ ಬಿಟ್ಟಿದ್ದೇ ಜಾಣತನ. ಗುಟ್ಟಾಗಿ ಕಾಯುವ ಪೊಲೀಸನಿಗಿಂತ ಎದುರಿಗೆ ಕೂತು ಬರೆದುಕೊಳ್ಳುವ ಪೊಲೀಸನಿಗೆ ಜನ ಜಾಸ್ತಿ ಹೆದರ್ತಾರೆ.

2025ರಲ್ಲಿ ಬಿಬಿಸಿಯವರು ಕಳ್ಳದಾರಿಯಲ್ಲಿ ಹೊರಬಂದ ಒಂದು ಫೋನ್ ತೋರಿಸಿದರು. ಅದರಲ್ಲಿ ‘ಒಪ್ಪಾ’ ಅಂತ ಟೈಪ್ ಮಾಡಿದರೆ ತಾನೇ ಬದಲಾಗಿ ‘ಕಾಮ್ರೇಡ್’ ಆಗುತ್ತೆ. ಕೆ-ಡ್ರಾಮಾ ನೋಡುವವರಿಗೆ ಈ ಪದ ಗೊತ್ತಿರುತ್ತೆ. ಹೆಣ್ಣುಮಕ್ಕಳು ಅಣ್ಣನಿಗೆ ಹೇಳುವ ಮಾತು, ದಕ್ಷಿಣದಲ್ಲಿ ಪ್ರಿಯಕರನಿಗೂ ಹಾಗೇ ಕರೀತಾರೆ. ಆ ಎರಡನೇ ಅರ್ಥ ಉತ್ತರದವರ ಕಣ್ಣಿಗೆ ಅಪರಾಧ. ‘ದಕ್ಷಿಣ ಕೊರಿಯಾ’ ಅಂತ ಬರೆದರೆ ‘ಕೈಗೊಂಬೆ ರಾಜ್ಯ’ ಆಗುತ್ತೆ. ಸುಮ್ನೆ ಒಂದು ಕೀಬೋರ್ಡ್ ಅಂದುಕೊಳ್ಳುವ ಜಾಗಕ್ಕೂ ಬೇಲಿ ಬಂತು.

ಬೇಲಿ ಇದ್ದ ಮೇಲೆ ಕಂಡಿಯೂ ಇರುತ್ತೆ. ಚೀನಾ ಗಡಿಯ ಸಿನುಯಿಜು, ಹ್ಯೆಸಾನ್, ಮುಸಾನ್ ಕಡೆ ಚೀನಾದ ಟವರ್ ಸಿಗ್ನಲ್ ನದಿ ದಾಟಿ ಬರುತ್ತೆ. ಕಳ್ಳದಾರಿಯಲ್ಲಿ ತಂದ ಚೀನಾ ಫೋನ್ ಹಿಡಿದು, ಗುಡ್ಡ ಹತ್ತಿ, ಎರಡು ನಿಮಿಷ ಮಾತಾಡಿ, ಆಫ್ ಮಾಡಿ ಹೂತಿಡ್ತಾರೆ. ಜಾಸ್ತಿ ಹೊತ್ತು ಮಾತಾಡಿದರೆ ಎಲ್ಲಿದ್ದಾರೆ ಅಂತ ಪತ್ತೆ ಹಚ್ಚುವ ಯಂತ್ರ ಹಿಡಿದವರು ಬರ್ತಾರೆ. ದಕ್ಷಿಣಕ್ಕೆ ಓಡಿಹೋದ ಮಗಳು ತಾಯಿಗೆ ದುಡ್ಡು ಕಳಿಸೋದು ಹೀಗೇ. ಅವಳು ದಲ್ಲಾಳಿಯ ಖಾತೆಗೆ ಹಾಕ್ತಾಳೆ, ಉತ್ತರದಲ್ಲಿ ಅವನ ಕಡೆಯವನು ತಾಯಿಯ ಕೈಗೆ ನಗದು ಕೊಡ್ತಾನೆ. ಕಮಿಷನ್ ಮೂರನೇ ಒಂದು ಭಾಗದ ಹತ್ತಿರ ಹೋಗುತ್ತೆ. ನಮ್ಮವರು ಹವಾಲಾ ಅನ್ನೋದು ಇದಕ್ಕೇ. ದುಡ್ಡು ತಲುಪಿತು ಅಂತ ತಾಯಿಯ ದನಿ ಕೇಳಿಸೋಕೆ ಮಾತ್ರ ಆ ಫೋನ್ ಬೇಕು.

ಫೋನ್ ಬಂದರೆ ಸ್ವಾತಂತ್ರ್ಯ ಬರುತ್ತೆ ಅಂತ 2010ರ ಸುಮಾರಿಗೆ ಬಹಳ ಜನ ಬರೆದರು, ನಾನೂ ಸ್ವಲ್ಪ ನಂಬಿದ್ದೆ. ಅಲ್ಲಿ ಬಂದದ್ದು ಅಕ್ಕಿಯ ದರ. ಗಡಿಯ ಊರಿನಲ್ಲಿ ಬೆಳಿಗ್ಗೆ ಡಾಲರ್ ದರ ಏರಿದರೆ ಅದೇ ದಿನ ಪ್ಯಾಂಗ್ಯಾಂಗ್ ಸಂತೆಗೂ ಗೊತ್ತಾಗುತ್ತೆ. ಊರೂರಿನ ದರಗಳ ನಡುವಿನ ಅಂತರ ಕಡಿಮೆಯಾಯಿತು. ಇದನ್ನು ಸಣ್ಣದು ಅಂತ ನಾನು ಹೇಳೋದಿಲ್ಲ, ಹಸಿವು ಕಂಡವರಿಗೆ ಅದು ದೊಡ್ಡದೇ. ಆದರೆ ಅದೇ ಫೋನಿನಿಂದ ಯಾರು ಯಾರಿಗೆ ಕರೆ ಮಾಡಿದರು, ಯಾವ ಟವರ್ ಹತ್ತಿರ ನಿಂತಿದ್ದರು ಅನ್ನುವ ಪಟ್ಟಿಯೂ ದಿನಾ ತಯಾರಾಗುತ್ತೆ. ಕಾಗದದ ಕಡತಗಳ ಕಾಲದಲ್ಲಿ ಪೊಲೀಸರಿಗೆ ಇಷ್ಟು ವಿವರ ಕನಸಲ್ಲೂ ಸಿಗುತ್ತಿರಲಿಲ್ಲ.

ಇನ್ನು ನಿಮ್ಮ ಸಿಮ್. ಅಲ್ಲಿ ರೋಮಿಂಗ್ ನಡೆಯೋದಿಲ್ಲ. 2013ರವರೆಗೂ ವಿದೇಶಿಯರು ತಮ್ಮ ಫೋನನ್ನು ವಿಮಾನ ನಿಲ್ದಾಣದಲ್ಲೇ ಒಪ್ಪಿಸಿ ಒಳಗೆ ಹೋಗಬೇಕಿತ್ತು. ಆ ವರ್ಷದ ಜನವರಿಯಲ್ಲಿ ನಿಯಮ ಬದಲಾಯಿತು. ಫೋನ್ ಒಯ್ಯಬಹುದು, ಆದರೆ ಅಲ್ಲಿನ ಸಂದರ್ಶಕರ ಸಿಮ್ ಕೊಳ್ಳಬೇಕು, ಅದು ಸಿಕ್ಕಾಪಟ್ಟೆ ದುಬಾರಿ. ಹೋಗುವ ಅವಕಾಶ ಸಿಕ್ಕರೆ ನಿಮ್ಮ ಜೊತೆ ಒಬ್ಬ ಗೈಡ್ ಇದ್ದೇ ಇರ್ತಾರೆ, ಅವರ ಕೈಯಲ್ಲೂ ಒಂದು ಫೋನ್ ಇರುತ್ತೆ. ಸಂದರ್ಶಕರ ಸಿಮ್‌ನಿಂದ ನೀವು ಹುಬ್ಬಳ್ಳಿಗೆ ಕರೆ ಮಾಡಿ ಮಾತಾಡಬಹುದು. ಜನಜಂಗುಳಿಯಲ್ಲಿ ಗೈಡ್ ಕಣ್ಮರೆಯಾದರೆ ಮಾತ್ರ ಅವರಿಗೆ ಕರೆ ಮಾಡೋಕೆ ಆಗೋದಿಲ್ಲ, ಇದ್ದಲ್ಲೇ ನಿಂತು ಕಾಯಬೇಕು.